ಅಂಗಿ ಜೇಬಿನ ಜಿಆರ್

2019ರಲ್ಲಿ ಬಂದ ರಿಕೋ ಜಿಆರ್-3 ಕ್ಯಾಮೆರಾ, ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ. ಕಾಲು ಕಿಲೋ ಹುರಿಗಡಲೆ ಪೊಟ್ಟಣದ ತೂಕ. ಒಳಗಿರುವುದು ಮಾತ್ರ ಎಷ್ಟೋ ದಡೂತಿ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರ್, 24 ಮೆಗಾಪಿಕ್ಸೆಲ್‌ನದು. ನಡುವೆ ಕನ್ನಡಿ ಇಲ್ಲದ್ದರಿಂದ ಲೆನ್ಸು ಸೆನ್ಸರ್‌ಗೆ ಹತ್ತಿರವೇ ಕೂತಿದೆ. ಮೈ ತೆಳ್ಳಗಾಗಿದ್ದಕ್ಕೆ ಅದೇ ಮುಖ್ಯ ಕಾರಣ.

ನಾನು ಮನಸೋತದ್ದು ಇದರ ಸ್ನ್ಯಾಪ್ ಫೋಕಸ್‌ಗೆ. ದೂರ 2 ಮೀಟರ್ ಎಂದು ಮೊದಲೇ ಗೊತ್ತುಮಾಡಿ, ಅಪರ್ಚರ್ ಎಫ್8ಕ್ಕೆ ಇಟ್ಟುಬಿಟ್ಟರೆ ಸುಮಾರು ಒಂದು ಮೀಟರಿನಿಂದಾಚೆ ಬೀದಿಗೆ ಬೀದಿಯೇ ಸ್ಪಷ್ಟ. ಗುಂಡಿಯನ್ನು ಒಮ್ಮೆಗೇ ಪೂರ್ತಿ ಒತ್ತಿ, ಅಷ್ಟೇ. ಕ್ಯಾಮೆರಾ ಫೋಕಸ್ಸಿಗೆ ತಡಕಾಡುವುದಿಲ್ಲ, ಎದುರಿನವರು ಭಂಗಿ ಬದಲಿಸುವುದೂ ಇಲ್ಲ. ಟೋಕಿಯೊ ಬೀದಿಗಳ ಛಾಯಾಗ್ರಾಹಕ ದೈದೊ ಮೊರಿಯಾಮಾ ಜಿಆರ್ ಸರಣಿಯನ್ನು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ.

ಹಾಗಂತ ಕಬಿನಿಗೆ ಇದನ್ನೊಂದೇ ಒಯ್ದರೆ ಹುಲಿ ಚುಕ್ಕಿಯಾಗಿ ಬರುತ್ತದೆ! 28 ಮಿ.ಮೀ. ನೋಟದ ಲೆನ್ಸನ್ನು ಬಿಚ್ಚುವಂತಿಲ್ಲ, ಜೂಮ್ ಇಲ್ಲ, ವ್ಯೂಫೈಂಡರೂ ಇಲ್ಲ. ಕಾಡಿಗೆ, ಕ್ರಿಕೆಟ್ಟಿಗೆ ಡಿಎಸ್‌ಎಲ್‌ಆರ್ ಇರಲಿ. ಬೀದಿಗೆ, ಪ್ರವಾಸಕ್ಕೆ, ಮನೆಮಂದಿಗೆ ಜಿಆರ್ ಸಾಕು. ಬ್ಯಾಟರಿ ಸುಮಾರು 200 ಚಿತ್ರಕ್ಕೇ ಮುಗಿಯುತ್ತದೆ, ಇನ್ನೊಂದು ಜೊತೆಗಿಟ್ಟುಕೊಳ್ಳಿ.