ಪೇಟಿ ಕೇಳಿದ ಕಿವಿಗೆ ಆರ್ಗನ್ನು

ಗುರುಗುಂಟಾದಲ್ಲಿ ಕುಳಿತು ಜರ್ಮನಿಯ ಚರ್ಚುಗಳ ವಾದ್ಯದ ವಿಷಯ ಬರೆಯಹೊರಟರೆ ನಗುವವರುಂಟು. ಆದರೆ ಆ ವಾದ್ಯದ ಬಡ ನೆಂಟನನ್ನು ನಮ್ಮ ಸೀಮೆಯವರು ಅರಿಯದವರಲ್ಲ. ಜಾತ್ರೆಯ ನಾಟಕದಲ್ಲಿ ಕಾಲುಪೇಟಿಯ ಮಾಸ್ತರರು ತಿದಿ ತುಳಿದು ಮೊದಲ ಸ್ವರ ಹಿಡಿದೊಡನೆ ಗದ್ದಲವೆಲ್ಲ ಅಡಗುವುದನ್ನು ಕಂಡವರೇ ನಾವು. ಆರ್ಗನ್ನು ಕೊಳ್ಳಲಾರದವರಿಗೆಂದೇ ಯುರೋಪಿನಲ್ಲಿ ಹುಟ್ಟಿದ ಚಿಕ್ಕ ವಾದ್ಯಗಳಲ್ಲಿ ಹಾರ್ಮೋನಿಯಂ ಒಂದು. ಪ್ಯಾರಿಸಿನ ದೆಬೇನ್ ಎಂಬವನು 1842ರಲ್ಲಿ ಅದರ ಹಕ್ಕು ಪಡೆದ.

ಈ ಪೇಟಿಯ ಮೇಲೆ ನಮ್ಮ ವಿದ್ವಾಂಸರು ಹೊರಿಸಿದ ಆರೋಪ ಹಳೆಯದು: ಅದರಲ್ಲಿ ಮೀಂಡ್ ಇಲ್ಲ, ಗಮಕವಿಲ್ಲ, ಶ್ರುತಿಯ ಸೂಕ್ಷ್ಮವಿಲ್ಲ. 1940ರಲ್ಲಿ ಆಕಾಶವಾಣಿ ಅದಕ್ಕೆ ಬಾಗಿಲು ಮುಚ್ಚಿತು. ಮತ್ತೆ ತೆರೆಯಲು ಸುಮಾರು ಮೂರು ದಶಕಗಳೇ ಬೇಕಾದವು. ಆರೋಪ ಸುಳ್ಳೆಂದು ನಾನು ಹೇಳುವುದಿಲ್ಲ. ಅದೇ ಅಳತೆಗೋಲನ್ನು ಹಿಡಿದು ಆರ್ಗನ್ನಿನ ಮುಂದೆ ನಿಂತದ್ದು ಮಾತ್ರ ನನ್ನ ತಪ್ಪು. ವರ್ಷಗಟ್ಟಲೆ ಅದನ್ನು ದೊಡ್ಡದೊಂದು ಪೇಟಿಯೆಂದೇ ತಿಳಿದು ದೂರವಿಟ್ಟಿದ್ದೆ.

ನಿಜ ನೋಡಿದರೆ ಆರ್ಗನ್ನು ಪೇಟಿಗಿಂತಲೂ ಹಟಮಾರಿ. ಪೇಟಿಯಲ್ಲಿ ತಿದಿಯನ್ನು ಒತ್ತಿ ಸಡಿಲಿಸಿ ಸ್ವರವನ್ನು ಉಬ್ಬಿಸಬಹುದು, ತಗ್ಗಿಸಬಹುದು. ಆರ್ಗನ್ನಿನ ಕೊಳವೆಯಾದರೋ ಗಾಳಿ ಸಿಕ್ಕಷ್ಟು ಹೊತ್ತೂ ಒಂದೇ ಬಲದಿಂದ ನುಡಿಯುತ್ತದೆ; ಬೆರಳನ್ನು ಎಷ್ಟು ಒತ್ತಿದರೂ ಹೆಚ್ಚದು, ಕಡಿಮೆಯಾಗದು. ಸ್ವರದ ಒಡಲೊಳಗೆ ವಾದಕನಿಗೆ ಪ್ರವೇಶವೇ ಇಲ್ಲ. ಹೀಗಿರುವಾಗ ಬುಕ್ಸ್‌ಟೆಹೂಡೆ, ಬಾಖ್‌ನಂಥವರು ಇದರಲ್ಲಿ ಏನನ್ನು ಕಂಡರು? 1705ರಲ್ಲಿ ಇಪ್ಪತ್ತು ವರ್ಷದ ಬಾಖ್, ಬುಕ್ಸ್‌ಟೆಹೂಡೆಯನ್ನು ಕೇಳಲೆಂದು ಆರ್ನ್‌ಷ್ಟಾಟ್‌ನಿಂದ ಲ್ಯೂಬೆಕ್‌ವರೆಗೆ ನಾನೂರು ಕಿಲೋಮೀಟರಿನಷ್ಟು ದಾರಿ ನಡೆದೇ ಹೋದನಂತೆ!

ಉತ್ತರ ನನಗೆ ಸಿಕ್ಕಿದ್ದು ಬಾಖ್‌ನ ಸಿ ಮೈನರ್ ‘ಪಾಸಕಾಲಿಯಾ’ದಲ್ಲಿ. ತಬಲಾ ಸೋಲೋ ಕೇಳಿದ ರಸಿಕರಿಗೆ ಇದರ ಕೀಲಿ ಕೈಯಲ್ಲೇ ಇದೆ. ಪೇಟಿಯವರು ಒಂದೇ ನಗಮಾವನ್ನು ಆವರ್ತನದ ಮೇಲೆ ಆವರ್ತನ ಹಿಡಿದಿರುತ್ತಾರೆ. ತಬಲಾದವರು ಅದರ ಮೇಲೆ ಕಾಯ್ದೆ, ರೇಲಾಗಳನ್ನು ಬೆಳೆಸುತ್ತಾರೆ. ಪಾಸಕಾಲಿಯಾದಲ್ಲಿ ಆ ನಗಮಾ ಹಿಡಿಯುವುದು ವಾದಕನ ಪಾದಗಳು. ಎಂಟು ಅಳತೆಗಳ ಒಂದು ಗಂಭೀರ ಎಳೆಯನ್ನು ಕಾಲುಮನೆಗಳ ಮೇಲೆ ಮೊದಲು ಒಂಟಿಯಾಗಿ ನುಡಿಸುತ್ತಾನೆ. ಅನಂತರ ಇಪ್ಪತ್ತು ಬಾರಿ ಕೈಗಳು ಅದರ ಮೇಲೆ ಬೇರೆ ಬೇರೆ ಕಟ್ಟಡ ಎತ್ತುತ್ತವೆ. ನಡುವೆ ಆ ಎಳೆಯೇ ಕಾಲನ್ನು ಬಿಟ್ಟು ಮೇಲಿನ ಧ್ವನಿಗಳಿಗೆ ಏರುತ್ತದೆ, ಚೂರು ಚೂರಾಗಿ ಕರಗಿದಂತಾಗುತ್ತದೆ, ಮರಳಿ ಕೆಳಗೆ ಬಂದು ನಿಲ್ಲುತ್ತದೆ. ಕೊನೆಗೆ ಅದರಿಂದಲೇ ಒಂದು ಫ್ಯೂಗ್ ಹುಟ್ಟುತ್ತದೆ. ಒಂದು ಸ್ವರವನ್ನು ಬಾಗಿಸಲಾರದ ವಾದ್ಯ ನಾಲ್ಕು ಧ್ವನಿಗಳನ್ನು ಏಕಕಾಲದಲ್ಲಿ ಅಲುಗದಂತೆ ನಿಲ್ಲಿಸಬಲ್ಲುದು. ದೋಷವೆಂದು ನಾವೆಣಿಸಿದ್ದನ್ನೇ ಅವರು ಅಡಿಗಲ್ಲು ಮಾಡಿಕೊಂಡರು.

ಇದನ್ನು ಕೇಳಲು ಹಳೆಯ ಆರ್ಗನ್ನೇ ಏಕೆ ಬೇಕು? ಹತ್ತೊಂಬತ್ತನೆಯ ಶತಮಾನದ ಆರ್ಗನ್ನುಗಳು ವಾದ್ಯವೃಂದದ ಅನುಕರಣೆಗೆ ಹೊರಟವು. ಅವುಗಳ ದಟ್ಟ ನಾದದಲ್ಲಿ ಧ್ವನಿಗಳು ಒಂದರೊಳಗೊಂದು ಮುಳುಗುತ್ತವೆ. ಆರ್ಪ್ ಷ್ನಿಟ್‌ಗರ್ (1648–1719) ಕಟ್ಟಿದ ವಾದ್ಯಗಳಲ್ಲಿ ಹಾಗಾಗದು. ಅವನು 1680ರಲ್ಲಿ ಹ್ಯಾಂಬರ್ಗಿನ ಮಠವೊಂದಕ್ಕೆ ಮಾಡಿದ ಆರ್ಗನ್ನು 1816ರಲ್ಲಿ ಕಾಪ್ಪೆಲ್ ಎಂಬ ಹಳ್ಳಿಗೆ ಬಂದು, ಇಂದಿಗೂ ಅಲ್ಲಿಯೇ ಇದೆ. ಕೊಳಲಿನಂತೆ ತುಟಿಯಿಂದ ನುಡಿಯುವ ಕೊಳವೆಗಳು, ನಾಲಿಗೆ ಮಿಡಿದು ನುಡಿಯುವ ಕೊಳವೆಗಳು, ಒಂದೊಂದಕ್ಕೂ ತನ್ನದೇ ಉಸಿರು. ಇನ್ನೊಂದು ಮಾತು: ಅಂದಿನ ಆರ್ಗನ್ನುಗಳಲ್ಲಿ ಹನ್ನೆರಡು ಸ್ವರಗಳನ್ನು ಸಮ ಅಂತರದಲ್ಲಿ ಹಂಚುವ ರೂಢಿ ಇರಲಿಲ್ಲ. ಕೆಲವು ಮೇಳಗಳು ಅಚ್ಚ ಶ್ರುತಿಯ ಸವಿ ಕೊಟ್ಟರೆ ಕೆಲವು ಕಟುವಾಗುತ್ತಿದ್ದವು. ಶ್ರುತಿಯ ಕಾಳಜಿ ನಮಗೊಬ್ಬರಿಗೇ ಮೀಸಲೆಂಬ ಹೆಮ್ಮೆ ಇಲ್ಲಿ ಸ್ವಲ್ಪ ತಗ್ಗಬೇಕಾಗುತ್ತದೆ.

ಹೆಲ್ಮುಟ್ ವಾಲ್ಖಾ (1907–1991) ಐವತ್ತರ ದಶಕದ ಆರಂಭದಲ್ಲಿ ಕಾಪ್ಪೆಲಿನ ಈ ಆರ್ಗನ್ನಿನ ಮೇಲೆ ಬಾಖ್‌ನ ಅನೇಕ ಕೃತಿಗಳನ್ನು ಮುದ್ರಿಸಿದರು. ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಂಡವರು ಅವರು. ಮನೆಯವರು ಒಂದೊಂದು ಧ್ವನಿಯನ್ನು ಬಿಡಿಯಾಗಿ ನುಡಿಸಿ ಕೇಳಿಸುತ್ತಿದ್ದರು. ವಾಲ್ಖಾ ಅವನ್ನು ಮನಸ್ಸಿನೊಳಗೆ ಹೊಂದಿಸಿಕೊಂಡು ಬಾಖ್‌ನನ್ನು ಕಂಠಪಾಠ ಮಾಡಿದರು. ಗದುಗಿನ ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಬಲ್ಲ ನಮಗೆ ಇದು ಪವಾಡವಾಗಿ ತೋರಬೇಕಿಲ್ಲ. ಕಿವಿಯೇ ಗ್ರಂಥವಾಗುವ ಪರಿ ನಮಗೆ ಗೊತ್ತು. ವಾಲ್ಖಾರ ವಾದನ ಕೆಲವೆಡೆ ತೀರ ಬಿಗಿ; ಕುಣಿಯಬೇಕಾದಲ್ಲಿಯೂ ಅವರು ನಡೆಯುತ್ತಾರೆ. ಆದರೆ ಯಾವ ಧ್ವನಿಯೂ ಅವರಲ್ಲಿ ಅನಾಥವಾಗದು. ಬಿಡಿಬಿಡಿಯಾಗಿ ಕಲಿತದ್ದರ ಫಲವಿದು.

ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಪಾಸಕಾಲಿಯಾವನ್ನು ಮೊದಲ ಸಲ ಕೇಳುವಾಗ ಪಾದಗಳ ಎಳೆಯನ್ನಷ್ಟೇ ಹಿಡಿಯಿರಿ. ಎರಡನೆಯ ಸಲ ಕೈಗಳನ್ನು ಅನುಸರಿಸಿರಿ. ಮೂರನೆಯ ಸಲ ಏನನ್ನೂ ಹಿಡಿಯಬೇಡಿರಿ. ಮೀಂಡ್ ಎಲ್ಲಿ ಎಂದು ಹುಡುಕುವ ಚಟ ಅಷ್ಟರೊಳಗೆ ನನ್ನಿಂದ ದೂರವಾಗಿತ್ತು. ಮುಂದಿನ ಜಾತ್ರೆಯಲ್ಲಿ ಪೇಟಿ ಮಾಸ್ತರರ ಪಕ್ಕಕ್ಕೇ ಹೋಗಿ ಕೂರಬೇಕೆಂದಿದ್ದೇನೆ. ಅವರ ವಾದ್ಯಕ್ಕೂ ನನ್ನಿಂದ ನ್ಯಾಯ ಸಂದಿರಲಿಲ್ಲ.