ವಿಧಾನಸೌಧಕ್ಕೆ ಬಂದ ಎತ್ತಿನಗಾಡಿ

ಪೆಟ್ರೋಲ್ ದರ ಏರಿದಾಗ ಎತ್ತಿನಗಾಡಿ ಹೂಡಿ ಬೀದಿಗಿಳಿಯುವುದನ್ನು ಜನಪದ ಪ್ರತಿರೋಧ, ಆಳುವವರನ್ನು ಅಣಕಿಸುವ ದೇಸಿ ರಂಗಭೂಮಿ ಎಂದೆಲ್ಲ ಹೊಗಳಿದ ಬರಹಗಳನ್ನು ಓದಿದ್ದೇನೆ. ಬರೆದವರಲ್ಲಿ ಗೆಳೆಯರೂ ಇದ್ದಾರೆ. ಅವರು ಗಾಡಿಯನ್ನು ನೋಡಿದ್ದು ಪತ್ರಿಕೆಯ ಮುಖಪುಟದಲ್ಲಿ. ನಾನು ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಲ್ಲಿ ನಿಂತು ನೋಡುತ್ತೇನೆ. ಇಲ್ಲಿಂದ ಅದು ಬೇರೆಯೇ ಕಾಣುತ್ತದೆ. ರಂಗಭೂಮಿ ಎಂದ ಮೇಲೆ ಅಳತೆಗೋಲೂ ರಂಗಭೂಮಿಯದೇ ಇರಲಿ. ದಾವಣಗೆರೆಯಲ್ಲಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯ ನಾಟಕ ನೋಡಿ ಬೆಳೆದ ಸೀಮೆ ಇದು. ಒಳ್ಳೆಯ ಆಟ ಯಾವುದು, ಬರೀ ವೇಷ ಯಾವುದು ಎಂದು ಇಲ್ಲಿನ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೊದಲ ಪ್ರಯೋಗಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. 1973ರ ನವೆಂಬರ್ 12ರಂದು ಅಟಲ್ ಬಿಹಾರಿ ವಾಜಪೇಯಿ ಎತ್ತಿನಗಾಡಿ ಏರಿ ಸಂಸತ್ತಿಗೆ ಬಂದರು. ಅರಬ್ ದೇಶಗಳು ಎಣ್ಣೆಯ ನಲ್ಲಿ ಬಿಗಿದಿದ್ದ ಕಾಲ. ಅದೇ ದಿನಗಳಲ್ಲಿ ಪ್ರಧಾನಿ ಇಂದಿರಾ ಗಾಂಧಿ ಪೆಟ್ರೋಲ್ ಉಳಿತಾಯಕ್ಕೆ ಮೇಲ್ಪಂಕ್ತಿ ಹಾಕಲು ಕುದುರೆ ಬಗ್ಗಿಯಲ್ಲಿ ಓಡಾಡಿದ್ದೂ ಉಂಟು. ಹಾಗಾಗಿ ಆ ಗಾಡಿಗೆ ಒಂದು ಎದುರಾಳಿ ಗಾಡಿ ಇತ್ತು, ಮಾತಿಗೆ ಮರುಮಾತಿತ್ತು. ಅಂದು ದೆಹಲಿಯ ಬೀದಿಯಲ್ಲೂ ಎತ್ತು ಅಪರೂಪದ ಪ್ರಾಣಿಯಾಗಿರಲಿಲ್ಲ. ಆ ಆಟಕ್ಕೆ ಬೆರಗಿತ್ತು, ಮೊನೆಯಿತ್ತು. ಆಮೇಲಿನದೆಲ್ಲ ಮರುಪ್ರದರ್ಶನ.

ನಮ್ಮ ರಾಜ್ಯದ ಮಟ್ಟಿಗೆ ಹೆಚ್ಚು ಹೆಸರು ಮಾಡಿದ್ದು 2021ರ ಸೆಪ್ಟೆಂಬರ್ 13ರ ಪ್ರಯೋಗ. ಅಂದು ಮಳೆಗಾಲದ ಅಧಿವೇಶನದ ಮೊದಲ ದಿನ. ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ಸಿನ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಎತ್ತಿನಗಾಡಿಯಲ್ಲಿ ವಿಧಾನಸೌಧದ ಕಡೆ ಬಂದರು. ಜೂನ್‌ನಲ್ಲೇ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿತ್ತು, 'ಹಂಡ್ರೆಡ್ ನಾಟ್ ಔಟ್' ಎಂದು ಬಂಕುಗಳ ಮುಂದೆ ಘೋಷಣೆ ಆಗಿತ್ತು. ಗಾಡಿ ಅದರ ಮುಂದಿನ ಅಂಕ.

ಈ ಬಗೆಯ ಚಿತ್ರಗಳನ್ನು ಸ್ವಲ್ಪ ಹೊತ್ತು ನೋಡಬೇಕು. ಗಾಡಿಯಲ್ಲಿ ಏನೂ ಹೇರಿರುವುದಿಲ್ಲ. ಗೊಬ್ಬರವಿಲ್ಲ, ಹುಲ್ಲಿಲ್ಲ, ಅಡಿಕೆ ಮೂಟೆಯಂತೂ ಇಲ್ಲ. ಹೇರಿರುವುದು ನಾಯಕರನ್ನು, ಅವರೂ ನಿಂತಿರುತ್ತಾರೆ. ಗಾಡಿ ಹೊಡೆದು ಬದುಕಿದವನು ಓಡುವ ಗಾಡಿಯಲ್ಲಿ ನಿಲ್ಲುವುದಿಲ್ಲ, ಮೂಕಿಯ ಬುಡದಲ್ಲಿ ಕೂರುತ್ತಾನೆ. ಅವನ ಕಣ್ಣು ದಾರಿಯ ಮೇಲೆ ಇರುತ್ತದೆ. ನಿಂತವರ ಕಣ್ಣು ಕ್ಯಾಮೆರಾ ಕಡೆ. ಹಗ್ಗ ಹಿಡಿದ ನಿಜವಾದ ಗಾಡಿಯವನು ಎಷ್ಟೋ ಸಲ ಚಿತ್ರದ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿರುತ್ತಾನೆ, ಅಡಿಬರಹದಲ್ಲಿ ಅವನ ಹೆಸರಿರುವುದಿಲ್ಲ. ಎತ್ತುಗಳ ಹೆಗಲು ನೋಡಿ, ನೊಗ ತಿಕ್ಕಿದ ಗುರುತು ಕಾಣುವುದೂ ಕಡಿಮೆ. ಗಾಲಿಗಂತೂ ಹೆಚ್ಚಿನ ಕಡೆ ರಬ್ಬರ್ ಟೈರು. ಟೈರಿನ ಕೃತಕ ರಬ್ಬರೂ ಅದರ ಕಪ್ಪಿಗೆ ಬೆರೆಸುವ ಕಾರ್ಬನ್ ಪುಡಿಯೂ ಕಚ್ಚಾತೈಲದಿಂದಲೇ ಹುಟ್ಟಿದವು. ಪೆಟ್ರೋಲ್ ಬಿಟ್ಟು ಬಂದೆವೆಂದು ಸಾರುವ ಗಾಡಿಯೇ ಪೆಟ್ರೋಲಿಯಂ ಮೇಲೆ ಉರುಳುತ್ತದೆ. ದೇಸಿ ರಂಗಭೂಮಿಯ ವಿಮರ್ಶಕರಿಗೆ ಗಾಲಿ ಕಾಣಲಿಲ್ಲವೇಕೆ?

ಉಬ್ರಾಣಿ ಕಡೆ ಜೋಡೆತ್ತು ಕಟ್ಟಿದ ಮನೆಗಳು ತೀರ ಕಡಿಮೆಯಾಗಿವೆ. ಅಡಿಕೆ ತೋಟದೊಳಗೆ ಟಿಲ್ಲರ್ ಓಡಾಡುತ್ತದೆ, ಹೊರಗೆ ಟ್ರ್ಯಾಕ್ಟರ್. ಕಳೆ ಕೊಚ್ಚುವುದು ಪೆಟ್ರೋಲ್ ಯಂತ್ರ, ಔಷಧಿ ಹೊಡೆಯುವುದೂ ಅದೇ. ಫಸಲು ಗುತ್ತಿಗೆ ಹಿಡಿಯುವ ಖೇಣಿದಾರ ಬರುವುದು ಬೈಕಿನಲ್ಲಿ, ಹಸಿ ಅಡಿಕೆ ಹೋಗುವುದು ಗೂಡ್ಸ್ ಆಟೊದಲ್ಲಿ, ಒಣಗಿದ್ದು ತುಮ್ಕೋಸ್ ಸಹಕಾರ ಸಂಘಕ್ಕೋ ಮಂಡಿಗೋ ಮುಟ್ಟುವುದು ಡೀಸೆಲ್ ಸುಟ್ಟೇ. ಬಂಕ್ ದೂರವಿರುವ ಊರಲ್ಲಿ ಅಂಗಡಿ ಮುಂದೆ ಬಾಟಲಿಯಲ್ಲಿ ತುಂಬಿಟ್ಟ ಪೆಟ್ರೋಲೇ ಗತಿ. ಅದಕ್ಕೆ ಬಂಕಿನ ಬೋರ್ಡಿಗಿಂತ ನಾಲ್ಕು ಕಾಸು ಹೆಚ್ಚು ಕೊಡಬೇಕು. ಯಾವ ಪತ್ರಿಕೆಯ ದರಪಟ್ಟಿಯಲ್ಲೂ ಆ ದರ ಬರುವುದಿಲ್ಲ. ಇಂಥ ಕಡೆ ಎತ್ತಿನಗಾಡಿಯನ್ನು ಪೆಟ್ರೋಲಿನ ಎದುರು ನಿಲ್ಲಿಸುವುದು ಬಡವನ ಎದುರು ಬಡವನ ತಾತನನ್ನು ನಿಲ್ಲಿಸಿದಂತೆ.

ಆದರೂ ಗಾಡಿಯಿಂದ, ಬಂದ್‌ನಿಂದ ದರ ಇಳಿಯಿತಲ್ಲ ಎನ್ನುವವರಿದ್ದಾರೆ. ಅವರು ಮುಂದಿಡುವ ಸಾಕ್ಷಿ ಎರಡು, ಎರಡೂ ನಿಲ್ಲುವುದಿಲ್ಲ.

ಒಂದು, 2018. ಆ ವರ್ಷ ಸೆಪ್ಟೆಂಬರ್ 10ರಂದು ಇಂಧನ ದರ ಏರಿಕೆಯ ವಿರುದ್ಧ ಭಾರತ್ ಬಂದ್ ಆಯಿತು. ರಾಜ್ಯದಲ್ಲಿ ಆಳುತ್ತಿದ್ದ ಪಕ್ಷಗಳೇ ಬೆಂಬಲಕ್ಕೆ ನಿಂತಿದ್ದರಿಂದ ಬಸ್ಸೂ ಓಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿ ಕಲಬುರಗಿಯಲ್ಲಿ ಲೀಟರಿಗೆ 2 ರೂಪಾಯಿ ಇಳಿಕೆ ಘೋಷಿಸಿದರು. ಇದನ್ನು ಬಂದ್‌ನ ಗೆಲುವು ಎಂದು ಬರೆದವರು ಹಿಂದಿನ ಪುಟ ತಿರುವಲಿಲ್ಲ. ಅದೇ ಜುಲೈ ಬಜೆಟ್ಟಿನಲ್ಲಿ ಅದೇ ಸರ್ಕಾರ ಪೆಟ್ರೋಲ್ ಮೇಲಿನ ರಾಜ್ಯ ತೆರಿಗೆಯನ್ನು ಶೇ 30ರಿಂದ 32ಕ್ಕೆ ಏರಿಸಿತ್ತು. ಮುಂದಿನ ಪುಟವನ್ನೂ ತಿರುವಲಿಲ್ಲ. 2019ರ ಜನವರಿ ಮೊದಲ ವಾರದಲ್ಲಿ ತೆರಿಗೆ ಮತ್ತೆ 32ಕ್ಕೆ ಮರಳಿತು.

ಇನ್ನೊಂದು, 2021ರ ನವೆಂಬರ್. ಕೇಂದ್ರ ಪೆಟ್ರೋಲಿಗೆ 5, ಡೀಸೆಲ್‌ಗೆ 10 ರೂಪಾಯಿ ಅಬಕಾರಿ ಸುಂಕ ಇಳಿಸಿತು. ಬೊಮ್ಮಾಯಿ ಸರ್ಕಾರ ಅದರ ಮೇಲೆ 7 ರೂಪಾಯಿ ಇಳಿಸಿತು. ಗಾಡಿ ವಿಧಾನಸೌಧಕ್ಕೆ ಬಂದು ಏಳು ವಾರವಾಗಿತ್ತು. ಕೇಂದ್ರದ ಘೋಷಣೆ ಬಂದದ್ದು ನವೆಂಬರ್ 3ರಂದು. ಹಿಂದಿನ ದಿನವಷ್ಟೇ ದೇಶದ ಹಲವೆಡೆಯ ಉಪಚುನಾವಣೆಗಳ ಫಲಿತಾಂಶ ಬಂದು, ಹಾನಗಲ್ ಕ್ಷೇತ್ರ ಬಿಜೆಪಿಯ ಕೈ ತಪ್ಪಿತ್ತು. ಕಾಕತಾಳೀಯ ಎನ್ನುವವರು 2018ರ ವಿಧಾನಸಭೆ ಚುನಾವಣೆಯನ್ನೂ ನೆನೆಯಲಿ. ದಿನದಿನವೂ ದರ ಬದಲಾಗುವ ಪದ್ಧತಿ 2017ರ ಜೂನ್ 16ರಿಂದಲೇ ಜಾರಿಯಲ್ಲಿತ್ತು. ಹಾಗಿದ್ದೂ ನಮ್ಮ ಮತದಾನಕ್ಕೆ ಮೊದಲು 19 ದಿನ ದರ ಕದಲಲಿಲ್ಲ. ಮೇ 12ಕ್ಕೆ ಮತ ಹಾಕಿದೆವು, ಮೇ 14ಕ್ಕೆ ದರ ಮತ್ತೆ ಏರತೊಡಗಿತು. ಈ ದರಕ್ಕೆ ಕಿವಿಯಿದೆ, ಆದರೆ ಅದು ಎತ್ತಿನ ಗೆಜ್ಜೆಗೆ ತಿರುಗುವುದಿಲ್ಲ.

ಪಾತ್ರ ಅದಲುಬದಲಾದ ಕತೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. 2020ರ ಬಜೆಟ್ಟಿನಲ್ಲಿ ಬಿಜೆಪಿಯ ಯಡಿಯೂರಪ್ಪ ಪೆಟ್ರೋಲ್ ತೆರಿಗೆಯ 32ನ್ನು 35 ಮಾಡಿದರು, ಬೊಮ್ಮಾಯಿ ಅದನ್ನು 25.92ಕ್ಕೆ ಇಳಿಸಿದರು. 2021ರಲ್ಲಿ ಗಾಡಿ ಏರಿದ್ದ ಸಿದ್ದರಾಮಯ್ಯನವರ ಸರ್ಕಾರ 2024ರ ಜೂನ್ 15ರಂದು ಅದನ್ನು 29.84ಕ್ಕೆ ಏರಿಸಿತು, ಲೀಟರಿಗೆ 3 ರೂಪಾಯಿ ಹೆಚ್ಚಾಯಿತು. ಆಗ ಗಾಡಿ, ಸೈಕಲ್ಲುಗಳ ಸರದಿ ಬಿಜೆಪಿಯದು. ಪ್ರಸಂಗ ಅದೇ, ವೇಷ ಅದೇ, ಹಾಕಿದವರು ಬೇರೆ.

ಹಾಗಾದರೆ ಕೊಳ್ಳುವವರೇ ಕೊಳ್ಳದಿದ್ದರೆ? 'ಇಂಥ ತಾರೀಕು ಯಾರೂ ಪೆಟ್ರೋಲ್ ಹಾಕಿಸಬೇಡಿ, ಕಂಪನಿಗಳು ದಾರಿಗೆ ಬರುತ್ತವೆ' ಎನ್ನುವ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇರುತ್ತದೆ. ಅಮೆರಿಕದಲ್ಲಿ 1999ರ ಏಪ್ರಿಲ್ 30ರಂದು ಇದೇ ಆಟ ಆಡಿದ್ದರು. ಅಂದು ಹಾಕಿಸದವರು ಹಿಂದಿನ ದಿನವೋ ಮರುದಿನವೋ ಹಾಕಿಸಿಕೊಂಡರು, ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಇದಕ್ಕಿಂತ ಸಾವಿರ ಪಾಲು ದೊಡ್ಡ ಪ್ರಯೋಗ ಯಾರ ಕರೆಯೂ ಇಲ್ಲದೆ ನಡೆದುಹೋಗಿದೆ. ವಿಮರ್ಶಕರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. 2020ರ ಏಪ್ರಿಲ್. ಲಾಕ್‌ಡೌನ್‌ನಲ್ಲಿ ದೇಶದ ಇಂಧನ ಬಳಕೆ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ಅದೇ ತಿಂಗಳ 20ರಂದು ಅಮೆರಿಕದ ಮಾರುಕಟ್ಟೆಯಲ್ಲಿ ಕಚ್ಚಾತೈಲದ ವಾಯಿದೆ ದರ ಸೊನ್ನೆಗಿಂತ ಕೆಳಗೆ ಹೋಯಿತು. ಕೊಳ್ಳದೆ ಇರುವುದರಿಂದ ದರ ಇಳಿಯುವುದಾದರೆ ಅಂದು ಇಳಿಯಬೇಕಿತ್ತು. ಆದದ್ದೇನು? ಮೇ ತಿಂಗಳಲ್ಲಿ ಕೇಂದ್ರ ಪೆಟ್ರೋಲ್ ಮೇಲೆ 10, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಹೇರಿ, ಇಳಿದ ಲಾಭವನ್ನು ತಾನೇ ಎತ್ತಿಕೊಂಡಿತು. ಜೂನ್ 7ರಿಂದ ಮೂರು ವಾರ ಬಿಡದೆ ದರ ಏರಿತು. ಬಹಿಷ್ಕಾರದಿಂದ ಹುಟ್ಟಬಹುದಾದ ಉಳಿತಾಯ ಯಾರ ಜೇಬಿಗೆ ಹೋಗುತ್ತದೆಂದು ಇದಕ್ಕಿಂತ ಬಿಡಿಸಿ ತೋರಿಸಲು ಸಾಧ್ಯವಿಲ್ಲ.

ಕಂಪನಿ ಆರಿಸಿ ಬಹಿಷ್ಕರಿಸಿ ಎನ್ನುವ ಸಲಹೆಯೂ ಇದೆ. ಮೊರಾಕೊದಲ್ಲಿ 2018ರಲ್ಲಿ ಒಂದು ಕಂಪನಿಯ ಹಾಲು, ಇನ್ನೊಂದರ ಬಾಟಲಿ ನೀರು ಮತ್ತು ಆಫ್ರಿಕಿಯಾ ಎಂಬ ಬಂಕುಗಳನ್ನು ಜನ ತಿಂಗಳುಗಟ್ಟಲೆ ಬಿಟ್ಟರು. ಹಾಲಿನ ಕಂಪನಿ ಬಾಗಿತು. ಅಲ್ಲಿ ಬೇರೆ ಹಾಲಿತ್ತು, ಪಕ್ಕದಲ್ಲೇ ಬೇರೆ ಬಂಕಿತ್ತು. ನಮ್ಮಲ್ಲಿ ಹೆಚ್ಚಿನ ಬಂಕುಗಳು ಮೂರು ಸರ್ಕಾರಿ ಕಂಪನಿಗಳವು, ದರದಲ್ಲಿ ಪೈಸೆಗಳ ವ್ಯತ್ಯಾಸ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ತೆರಿಗೆ ಬಿಟ್ಟಂತಾಗುವುದಿಲ್ಲ.

ತೆರಿಗೆಯನ್ನೇ ಗುರಿಯಿಟ್ಟು ಹೊಡೆದ ಹೋರಾಟ ನಮ್ಮ ಸೀಮೆಯ ನೆನಪಿನಲ್ಲೇ ಇದೆ. 1939ರ ತುರುವನೂರು ಅರಣ್ಯ ಸತ್ಯಾಗ್ರಹ. ತುರುವನೂರು ಇರುವುದು ಚಿತ್ರದುರ್ಗ ತಾಲ್ಲೂಕಿನಲ್ಲಿ. ಹೆಂಡದ ಕಂದಾಯ ಈಚಲು ಮರದಿಂದ ಇಳಿಯುತ್ತದೆಂದು ತಿಳಿದವರು ಮರವನ್ನೇ ಕಡಿದರು. ಮುಂದೆ ಮುಖ್ಯಮಂತ್ರಿಯಾದ ನಿಜಲಿಂಗಪ್ಪನಂಥವರು ಜೈಲು ಕಂಡರು. ಅದರ ಸರಿತಪ್ಪು ಬೇರೆ ಚರ್ಚೆ. ಸರ್ಕಾರದ ಹಣ ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತಿತ್ತು, ಕೈ ಹಾಕಿದ್ದಕ್ಕೆ ಬೆಲೆ ತೆತ್ತರು. ಎತ್ತಿನಗಾಡಿಯ ನಾಯಕರು ತೆತ್ತಿದ್ದೇನು?

ಇಷ್ಟು ಹೇಳಿದರೆ ಇನ್ನೊಂದು ಬಣ ನನ್ನನ್ನು ತನ್ನವನೆಂದುಕೊಳ್ಳುತ್ತದೆ. ದರ ಏರಲಿ ಬಿಡಿ, ಏರಿದರೆ ತಾನೇ ಜನ ಕಾರು ಬಿಟ್ಟು ಬಸ್ಸು ಹತ್ತುವುದು, ಸೈಕಲ್ ತುಳಿಯುವುದು ಎನ್ನುವ ಬಣ. ಗಾಡಿಯವರಿಗಿಂತ ಇವರ ಮೇಲೆ ನನಗೆ ಸಿಟ್ಟು ಹೆಚ್ಚು, ಏಕೆಂದರೆ ಇವರು ಓದಿಕೊಂಡವರು. ಅಮೆರಿಕದ ಮಾಂಟ್‌ಗೊಮರಿಯ ಕಪ್ಪು ಜನ ವರ್ಣಭೇದದ ವಿರುದ್ಧ 1955ರ ಡಿಸೆಂಬರಿನಿಂದ 381 ದಿನ ಬಸ್ಸು ಬಿಟ್ಟು ನಡೆದರೆಂದು ಇವರು ಪದೇಪದೇ ಉದಾಹರಿಸುತ್ತಾರೆ. ಆ ನಡಿಗೆಗೆ ಬೆನ್ನೆಲುಬಾಗಿದ್ದು ನೂರಾರು ಕಾರುಗಳ ಹಂಚಿಕೆ ವ್ಯವಸ್ಥೆ ಎಂಬುದನ್ನು ಬಿಟ್ಟುಬಿಡುತ್ತಾರೆ. ಬಸ್ಸು ಬಿಡಲು ಅವರಿಗೆ ಕಾರಿತ್ತು. ಕಾರು ಬಿಡಲು ನಮಗೆ ಏನಿದೆ?

ಚನ್ನಗಿರಿ ಪಟ್ಟಣಕ್ಕೆ ರೈಲಿಲ್ಲ. ಹೋಬಳಿ ದಾರಿಗಳಲ್ಲಿ ಖಾಸಗಿ ಬಸ್ಸಿನದೇ ಕಾರುಬಾರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರಿಗಿರುವ ಉಚಿತ ಪ್ರಯಾಣ ಖಾಸಗಿ ಬಸ್ಸಿಗೆ ಅನ್ವಯಿಸುವುದಿಲ್ಲ. ಆಧಾರ್ ಕಾರ್ಡು ಇಲ್ಲಿನ ಹೆಣ್ಣುಮಕ್ಕಳ ಕೈಯಲ್ಲೂ ಇದೆ, ಅದನ್ನು ತೋರಿಸಲು ಸರ್ಕಾರದ ಕೆಂಪು ಬಸ್ಸು ಬರಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ರಾತ್ರಿ ಹೊರಡಬೇಕಾದರೆ ಪಕ್ಕದ ಮನೆಯವರ ಕಾರೇ ಆಂಬುಲೆನ್ಸು. ಬೆಳಗಿನ ಹಾಲು ಡೇರಿಗೆ ಹೋಗುವುದು ಬೈಕಿನ ಹಿಂದೆ ಕಟ್ಟಿದ ಕ್ಯಾನಿನಲ್ಲಿ. ಆನೆ ಓಡಾಡುವ ಕಾಡಂಚಿನ ದಾರಿಯಲ್ಲಿ ಸಂಜೆಯ ಮೇಲೆ ಸೈಕಲ್ ತುಳಿಯಿರಿ ಎನ್ನುವ ಪಂಡಿತರು ಒಮ್ಮೆ ತಾವೇ ತುಳಿದು ತೋರಿಸಲಿ. 'ನೂರಾದ್ರೂ ಹಾಕ್ಸದೇ, ನೂರಿಪ್ಪತ್ತಾದ್ರೂ ಹಾಕ್ಸದೇ' ಎಂದು ಬಂಕಿನಲ್ಲಿ ಕೇಳಿಬರುವ ಮಾತಿನಲ್ಲಿ ಇವರ ಅರ್ಥಶಾಸ್ತ್ರಕ್ಕೆ ಬೇಕಾದ ಉತ್ತರವಿದೆ.

ಒಪ್ಪಬೇಕಾದ್ದೂ ಒಂದಿದೆ. ಅಡಿಕೆ ಸೀಮೆಯ ಕಾರು ಎಲ್ಲವೂ ಅಗತ್ಯದ ಕಾರಲ್ಲ. ರಾಶಿ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರದ ಆಸುಪಾಸು ಹೋದ ವರ್ಷಗಳಲ್ಲಿ ಅಂಗಳಕ್ಕೆ ಬಂದು ನಿಂತ ಎಷ್ಟೋ ಕಾರು ಮದುವೆಗೆ, ಜಾತ್ರೆಗೆ, ಬೀಗರ ಕಣ್ಣಿಗೆ. ಆದರೆ ಅಂಥವನಿಗೆ 3 ರೂಪಾಯಿ ಏರಿಕೆ ಲೆಕ್ಕವೇ ಅಲ್ಲ. ಏರಿಕೆ ತಟ್ಟುವುದು ಬಾಟಲಿಯಲ್ಲಿ ಅರ್ಧ ಲೀಟರ್ ಹಾಕಿಸಿಕೊಂಡು ಅಡಿಕೆ ಕೊಯ್ಲಿಗೆ ಹೊರಡುವ ಕೂಲಿಯವನಿಗೆ. ದರ ಏರಿಸಿ ಕಾರು ಇಳಿಸುತ್ತೇವೆನ್ನುವವರು ಇಳಿಸುವುದು ಅವನ ಬೈಕನ್ನು.

2025ರಲ್ಲಿ ಆಟ ಇನ್ನಷ್ಟು ಬಿಚ್ಚಿಕೊಂಡಿತು. ಏಪ್ರಿಲ್ 1ರಂದು ರಾಜ್ಯ ಡೀಸೆಲ್ ತೆರಿಗೆಯನ್ನು ಶೇ 21.17ಕ್ಕೆ ಏರಿಸಿತು. ಬೆಲೆ ಏರಿಕೆಯ ವಿರುದ್ಧ ಬಿಜೆಪಿಯ ಜನಾಕ್ರೋಶ ಯಾತ್ರೆ ಏಪ್ರಿಲ್ 7ರಂದು ಮೈಸೂರಿನಲ್ಲಿ ಹೊರಟಿತು. ಅದೇ ದಿನ ಕೇಂದ್ರ ಅಡುಗೆ ಅನಿಲಕ್ಕೆ 50 ರೂಪಾಯಿ ಏರಿಸಿ, ಪೆಟ್ರೋಲ್ ಡೀಸೆಲ್ ಮೇಲೆ 2 ರೂಪಾಯಿ ಸುಂಕ ಹೆಚ್ಚಿಸಿತು. ಏಪ್ರಿಲ್ 14ರ ನಡುರಾತ್ರಿ ಲಾರಿ ಮಾಲೀಕರು ಮುಷ್ಕರ ಹೂಡಿ ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಡೀಸೆಲ್ ತೆರಿಗೆ ಇದ್ದಲ್ಲೇ ಉಳಿಯಿತು.

ಮುಂದೆಯೂ ಗಾಡಿ ಹೂಡುತ್ತಾರೆ, ಬೇಡವೆನ್ನಲು ನಾನು ಯಾರು? ಹೂಡುವ ಮೊದಲು ಗಾಡಿಯ ಹಿಂದಿನ ಹಲಗೆಗೆ ಎರಡು ಸಾಲು ಬರೆಸಲಿ: ನಾವು ಬಂದರೆ ಪೆಟ್ರೋಲ್ ತೆರಿಗೆಯ 29.84ನ್ನು ಎಷ್ಟಕ್ಕೆ ಇಳಿಸುತ್ತೇವೆ, ಚನ್ನಗಿರಿಯಿಂದ ಉಬ್ರಾಣಿಗೆ ಸರ್ಕಾರಿ ಬಸ್ಸು ದಿನಕ್ಕೆಷ್ಟು ಬಿಡುತ್ತೇವೆ. ಆ ಎರಡು ಸಾಲು ಇರುವ ಗಾಡಿ ಬಂದ ದಿನ ಅದರ ವಿಮರ್ಶೆಯನ್ನು ಬೇರೆ ಬರೆಯುತ್ತೇನೆ.