ಮಣೂಕದ ಶೆಡ್ಡು

ಸಾಂಗ್ಲಿ ಜಿಲ್ಲೆಯ ಜತ್ ತಾಲೂಕು ಮೊದಲಿಂದಲೂ ಬರದ ಸೀಮೆ. ಡಫಳಾಪುರದ ಕಡೆಯ ಒಣಗಾಳಿಯನ್ನೇ ದುಡಿಸಿಕೊಳ್ಳುವ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡು ನನಗೆ ಬಲು ಮೆಚ್ಚು. ದ್ರಾಕ್ಷಿಯ ಮೈಮೇಲಿನ ತೆಳು ಮೇಣ ಒಳಗಿನ ನೀರನ್ನು ಹೊರಬಿಡದು. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಕಲಸಿ ಗೊಂಚಲು ಅದ್ದಿದರೆ ಆ ಮೇಣ ಸಡಿಲುತ್ತದೆ. ಆಮೇಲೆ ನೆರಳಲ್ಲಿ, ಅಂತಸ್ತು ಅಂತಸ್ತಾಗಿ ಬಿಗಿದ ಜಾಳಿಗೆಯ ಮೇಲೆ ಹರಡಬೇಕು. ಸುಮಾರು ಎರಡು ವಾರಕ್ಕೆ ಕಾಳು ಸುಕ್ಕುಗಟ್ಟಿ, ಹಸಿರು ಹೊಂಬಣ್ಣಕ್ಕೆ ತಿರುಗುತ್ತದೆ. ಬೂದಿನೀರು, ಎಣ್ಣೆಯಲ್ಲಿ ಅದ್ದುವ ಪದ್ಧತಿ ಪ್ರಾಚೀನ ರೋಮನ್ನರಲ್ಲೂ ಇತ್ತು. ಸಂಶೋಧನೆ ಅದಕ್ಕೆ ಖಚಿತ ಅಳತೆ ಕೊಟ್ಟಿತು, ರೈತರ ಕೈ ಅದನ್ನು ಕಸುಬಾಗಿಸಿತು. ನಾಲ್ಕು ಕಿಲೋ ಹಣ್ಣಿಗೆ ಸಿಗುವುದು ಒಂದೇ ಕಿಲೋ ಮಣೂಕ. ಸಾಂಗ್ಲಿಯ ಈ ಮಣೂಕಕ್ಕೆ 2016ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರೆಯಿತು.